ದಾವೂದನ ಡೈನಮೊ

ಇಲ್ಲ, ಆ ಪಾನಾ, ಸುತ್ತಿಗೆಗಳನ್ನ ಪೆಟ್ಟಿಗೆಗೆ ತುಂಬಬೇಡ. ಕೂತ್ಕೋ ದಾವೂದ್. ಧಣಿ ಸಂಗಯ್ಯನವರು ಸಿಟ್ಟಿನಲ್ಲಿ ಅಂದ್ರು, ನಾಳೆಯಿಂದ ಗ್ಯಾರೇಜಿಗೆ ಕಾಲಿಡಬೇಡ ಅಂತ. ಹನ್ನೆರಡು ವರ್ಷ ದುಡಿದ ಮಿಸ್ತ್ರಿಯನ್ನ ಹಾಗೆ ಕಳಿಸೋಕಾಗುತ್ತಾ? ನಾನು ಹೋಗಿ ಮಾತಾಡ್ತೀನಿ. ತಪ್ಪು ಡೈನಮೊದ್ದು ಅಂತೀನಿ. ಹಳೇ ಡೈನಮೊ, ಸುಟ್ಟುಹೋಯ್ತು. ಅಷ್ಟೇ.

ಯಾಕೆ ನಗ್ತೀಯ?

ನಗು, ನಗು. ಮುಂಬಯಿ ಸರಕಾರದ ಕಾಲದಿಂದ ವಿದ್ಯುತ್ತಿನ ಪಾಠ ಮಾಡ್ತಾ ಬಂದ ಮಾಸ್ತರು ನಾನು. ನಮ್ಮ ಶಾಲೆಗೆ ಇನ್ನೂ ಕರೆಂಟು ಬಂದಿಲ್ಲ, ಅದು ಬೇರೆ ಮಾತು. ಬೋರ್ಡಿನ ಮೇಲೆ ಬ್ಯಾಟರಿ ಬರೀತೀನಿ, ದೀಪ ಬರೀತೀನಿ, ದೀಪದ ಸುತ್ತ ನಾಲ್ಕು ಗೆರೆ ಎಳೆದ್ರೆ ಉರೀತು ಅಂತ. ಇವತ್ತಿನ ತನಕ ಒಂದೂ ಸುಟ್ಟುಹೋಗಿಲ್ಲ ನೋಡು.

ಈ ಲಾರಿಯ ಪೆಟ್ರೋಲ್ ಎಂಜಿನ್ ಇಳಿಸಿ ನೀನು ಡೀಸೆಲ್ ಎಂಜಿನ್ ಕೂರಿಸಿದೆ. ಬ್ಯಾಟರಿ ತುಂಬೋ ಡೈನಮೊಕ್ಕೆ ತಂತಿ ಜೋಡಿಸೋ ಹೊತ್ತಿಗೆ ನಾನು ಹತ್ತಿರ ಬಂದು ನಿಂತೆ. ರಜೆಯ ದಿನ, ಕೆಲಸ ಇರಲಿಲ್ಲ. ನೀನು ಕೇಳದಿದ್ರೂ ಪಾಠ ಹೇಳ್ತಾ ಹೋದೆ. ನೀನು 'ಹೌದು ಮಾಸ್ತರ್ರೆ, ಹೌದು ಮಾಸ್ತರ್ರೆ' ಅಂತ ನಿನ್ನ ಪಾಡಿಗೆ ಜೋಡಿಸಿದೆ.

ಆಮೇಲೆ ನೀನು ಶುಕ್ರವಾರದ ನಮಾಜಿಗೆ ಹೊರಟೆ. ಬರೋ ತನಕ ಗಾಡಿ ಮುಟ್ಟಬೇಡಿ ಅಂದೆ. ಸಂಗಯ್ಯನವರು ಕೇಳಿದ್ರಾ? ಬಂದವರೇ ಎಂಜಿನ್ ಶುರು ಮಾಡಿ ಸಿದ್ದಾಪುರದ ರಸ್ತೆ ಹಿಡಿದ್ರು. ಒಂದು ಮೈಲಿ ಹೋಗಿಲ್ಲ, ಬಾನೆಟ್ಟಿನಿಂದ ಹೊಗೆ. ಹಾಗಾದ್ರೆ ತಪ್ಪು ಅವರದ್ದೂ ಹೌದಲ್ಲ?

ಮತ್ತೆ ಪೆಟ್ಟಿಗೆಗೆ ಕೈ ಹಾಕ್ತೀಯ. ಸರಿ.

ಒಂದು ಕೇಳ್ತೀನಿ... ಬ್ಯಾಟರಿಯ ಪಾಸಿಟಿವ್ ಕಡೆಯನ್ನ ಗಾಡಿಯ ಮೈಗೆ ಕಟ್ಟಿದ್ದೆಯಲ್ಲ, ಅದು ಬೇಕಂತಲೇ? ಈ ಗಾಡಿಗೆ ಹಾಗೇನಾ?

ಹಾಗೇನೇ. ತಲೆ ಆಡಿಸ್ತೀಯ. ನಮ್ಮ ಪುಸ್ತಕದಲ್ಲಿ ಮೈಗೆ ನೆಗೆಟಿವ್ ಅಂತಿದೆ. ಪುಸ್ತಕ ಓದಿದವನು ಯಾರಾದ್ರೂ ನೋಡಿದ್ರೆ, ಪಾಪ, ದಾವೂದ್ ಅವಸರದಲ್ಲಿ ತಪ್ಪಿದ್ದಾನೆ ಅಂದ್ಕೊಳ್ಳಬಹುದು. ನಾಲ್ಕು ಜನರ ಮುಂದೆ ಅವನಿಗೆ ಅವಮಾನ ಬೇಡ ಅಂತ, ಸದ್ದಿಲ್ಲದೆ ತಿದ್ದಿಬಿಡಬಹುದು. ಓದಿದವನು ಅಂದ್ರೆ... ಯಾರೋ ಒಬ್ಬ.

ಅದೇನು ಮುಷ್ಟಿಯಲ್ಲಿ? ತೋರಿಸು.

ತಗಡು.

ನನ್ನ ನಿಬ್ಬಿನ ಡಬ್ಬಿಯ ತಗಡು... ಬ್ಯಾಟರಿಯ ದಪ್ಪ ಗೂಟಕ್ಕಿದ್ದ ತಂತಿಯ ಕ್ಲಾಂಪು ಸಣ್ಣ ಗೂಟಕ್ಕೆ ಸಡಿಲ ಆಯ್ತು, ಅದಕ್ಕೇ ನಾನು ಇದನ್ನ ಮಡಚಿ ತುರುಕಿದೆ. ಇನ್ನೊಂದರ ಬಾಯಿ ಅಗಲ ಮಾಡೋಕೆ ನಿನ್ನ ಸುತ್ತಿಗೆಯನ್ನೇ ತಗೊಂಡೆ. ನನ್ನಂಥವರು ಅದಲುಬದಲು ಮಾಡದಿರಲಿ ಅಂತಲೇ ಗೂಟಗಳನ್ನ ಒಂದು ದಪ್ಪ, ಒಂದು ಸಣ್ಣ ಮಾಡಿರೋದು, ಅಲ್ವಾ? ಉಲ್ಟಾ ಕಟ್ಟಿದ್ರೆ ಡೈನಮೊ ಸುಟ್ಟುಹೋಗುತ್ತೆ ಅಂತ ಬಡಿದು ಬಡಿದು ಕೂರಿಸುವಾಗಲೂ ಹೊಳೀಲಿಲ್ಲ. ವಿಜ್ಞಾನದ ಮಾಸ್ತರು.

ಇದು ಯಾವಾಗ ಸಿಕ್ತು ನಿನಗೆ? ಬಾನೆಟ್ಟು ಎತ್ತಿದ ಕೂಡ್ಲೇ ಇರಬೇಕು. ಅಂದ್ರೆ, ಜೋಡಿಸಿದ್ದು ಯಾರು ಅಂತ ಸಂಗಯ್ಯನವರು ಗದರಿದಾಗ ಇದು ನಿನ್ನ ಕೈಯಲ್ಲೇ ಇತ್ತು. ಆದ್ರೂ ನೀನು 'ನಾನೇ' ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ನಿಂತು, ಕನ್ನಡಕ ಒರೆಸ್ಕೊಂಡೆ.

ಯಾಕೆ ಅಂದೆ?

ನೆಲ ನೋಡಬೇಡ. ನೀಲಗಂಗವ್ವ ಹೋದ ಮೇಲೆ ಎಲ್ಲರೂ ಹೀಗೇ ಆಗಿದ್ದಾರೆ. ಹಾಜರಿ ತಪ್ಪು ಬರೆದ್ರೆ ಹೆಡ್ ಮಾಸ್ತರು ತಾವೇ ತಿದ್ದಿಕೊಳ್ತಾರೆ. ಹೆಂಡ್ತಿ ಸತ್ತವನು, ಪಾಪ, ಏನೂ ಅನ್ನಬೇಡಿ ಅಂತಾರೆ. ಮನೆ ಕಡೆ ಕಾಲೇಳದೆ ನಿನ್ನ ಹತ್ತಿರ ಬಂದು ಕೂತ್ರೆ, ನೀನೂ ಅದನ್ನೇ ಮಾಡಿದ್ಯಾ? ನಿನ್ನ ಅನ್ನ ಕಳ್ಕೊಂಡು?

ಸಂಗಯ್ಯನವರು ಇನ್ನೂ ಅಂಗಡಿಯಲ್ಲಿದ್ದಾರೆ. ಬ್ಯಾಟರಿ ತಿರುಗಿಸಿದವನು ನಾನು ಅಂತ ಹೇಳಿ ಬರ್ತೀನಿ. ಬೈತಾರೆ. ಬೈಲಿ, ಮೂರು ತಿಂಗಳಾಯ್ತು ನನ್ನನ್ನ ಯಾರಾದ್ರೂ ಬೈದು.

ತಡೀಬೇಡ, ನನ್ನ ಕೈ ಬಿಡು, ದಾವೂದ್.