ಲ್ಯಾಬಿನ ಹೊರಗೆ ಬಿಟ್ಟ ಚಪ್ಪಲಿ

ಸೆಮಿಸ್ಟರಿನ ವಿಷಯ ಆರಿಸಲು ಕಂಪ್ಯೂಟರ್ ಲ್ಯಾಬಿನ ಮುಂದೆ ಸಾಲು ನಿಂತಿತ್ತು. ಕದ್ದು ಕೇಳುವ ಜಾಯಮಾನ, ಮಗನ ಜೊತೆ ಸಾಲಿನಲ್ಲಿದ್ದ ಟೈಲರಮ್ಮನದಲ್ಲ. ಆದರೆ ಮುಂದಿದ್ದ ಅಪ್ಪ-ಮಗಳ ಮಾತು ತಾನಾಗೇ ಕಿವಿಗೆ ಬಿತ್ತು.

“ಕಂಪೈಲರ್ ಪೇಪರ್ ಬೇಡಪ್ಪಾ, ತಲೆ ತಿನ್ನುತ್ತಂತೆ.”

“ನಿಮ್ಮಮ್ಮನೂ ಇಲ್ಲೇ ನಿಂತು ಹಾಗೇ ಅಂದಿದ್ಲು.”

“ಆಮೇಲೆ?”

“ತಗೊಂಡ್ಲು. ನಂಗೂ ಹೇಳಿಕೊಟ್ಲು. ಧೂಳಾಗುತ್ತೆ ಅಂತ ಆಗ ಚಪ್ಪಲಿ ಹೊರಗೇ ಬಿಡಿಸ್ತಿದ್ರು. ಅವಳದು ಕಂಡ್ರೆ ಸಾಕು, ನಂದೂ ಪಕ್ಕದಲ್ಲೇ.”

“ಅಮ್ಮ ಹೇಳ್ಲೇ ಇಲ್ವಲ್ಲ.”

“ನೀನು ಕಾಲೇಜು ಸೇರ್ದಾಗ ಹೇಳ್ತೀನಿ ಅಂತಿದ್ಲು. ಅಲ್ಲೀವರೆಗೂ ಇರೋಕಾಗ್ಲಿಲ್ಲ.”

ಮಗಳು ಕೈಲಿದ್ದ ವಿಷಯಗಳ ಪಟ್ಟಿಯನ್ನು ಮತ್ತೆ ಬಿಡಿಸಿ ನೋಡಿದಳು.

“ಸರಿ, ಕಂಪೈಲರೇ ಇರ್ಲಿ.”

ಒಳಗಿಂದ ಕರೆದರು. ಅಪ್ಪ ಹಳೇ ಅಭ್ಯಾಸದಲ್ಲಿ ಚಪ್ಪಲಿ ಬಿಟ್ಟ.

“ಅಯ್ಯೋ, ಈಗ ಯಾರೂ ಬಿಡಲ್ಲಪ್ಪಾ” ಎನ್ನುತ್ತಲೇ ಮಗಳು ತನ್ನದನ್ನೂ ಕಳಚಿ, ಅದರ ಪಕ್ಕದಲ್ಲೇ ಇಟ್ಟು ಒಳಗೆ ಹೋದಳು.