ಸೇದಬೇಕಿದ್ದ ಎಲೆ

ಹಿರೇಕೆರೂರಿನ ದವಾಖಾನೆಯ ಸಾಲಿನಲ್ಲಿ ಗುದ್ಲೆಪ್ಪನ ಮುಂದೆ ಬೀಗತಿಯರಿಬ್ಬರು ನಿಂತಿದ್ದರು. ಅವರ ಕಾಲಬುಡದಲ್ಲಿ ಕುಳಿತ ಸೊಸೆ ಕಣ್ಣಗಲಿಸಿ, ಗಾಳಿಯೊಳಗಿಂದ ಇಲ್ಲದ ನೂಲನ್ನು ಹೆಕ್ಕುತ್ತಿದ್ದಳು. ಗುದ್ಲೆಪ್ಪ ತನ್ನ ಹಲ್ಲುನೋವನ್ನೇ ಮರೆತ.

“ದಮ್ಮಿನ ಬ್ಯಾನಿಗೆ ಮದಗುಣಕಿ, ಅದ ದತ್ತೂರಿ ಎಲಿ ಒಣಗಿಸಿ ಬೀಡಿಹಂಗ ಸೇದಸ್ರಿ ಅಂದಿದ್ದ ವೈದ್ಯ. ಕುದಿಸಿ ಯಾಕ ಕುಡಿಸಿದ್ರಿ?” ಅಂದಳು ಹುಡುಗಿಯ ತಾಯಿ ತಿಪ್ಪವ್ವ.

“ಸೊಸಿ ಬೀಡಿ ಸೇದಿದ್ರ ಮಂದಿ ಏನಂತಾರ್ರಿ?” ಅಂದಳು ಅತ್ತೆ.

“ನನ್ನ ಗುರ್ತ ಹಿಡೀವಲ್ಲಳು. ಹಡದ ಕೂಸನ್ನ ನೋಡಿ ಮಂಗ್ಯಾ ಅಂತ ಕಲ್ಲು ಎತ್ಯಾಳ.”

“ಮನಿ ಮರ್ಯಾದಿ ನೋಡಬೇಕಲ್ರಿ.”

ಒಳಗಿನಿಂದ ಕಾಂಪೌಂಡರ್ ಕರೆದ. ತಿಪ್ಪವ್ವ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು.

“ನೀವು ಇಲ್ಲೇ ನಿಂದರ್ರಿ. ಏನ್ ಕುಡಿಸೀರಿ ಅಂತ ಡಾಕ್ಟರು ಕೇಳ್ತಾರ. ಮನಿ ಮರ್ಯಾದಿ ಕುಡಿಸ್ಯಾರ ಅಂತ ನಾನ ಹೇಳ್ತೇನಿ.”