ಹಿಂದಿನ ಚಕ್ರದ ಅರ್ಧ ಇಂಚು

ಹೇಳಿಕೆ ಕೊಡುವವಳು: ಗುಡ್ಡದ ಮೇಲಿನ ಬಡಾವಣೆಯ ಪ್ರಯಾಣಿಕರ ಸಂಘದ ಕಾರ್ಯದರ್ಶಿ. ಎಲ್ಲರೂ ಕರೆಯುವುದು ‘ಕರಪತ್ರ’ ಎಂದು. ವಯಸ್ಸು 22 ವರ್ಷ. ಉದ್ಯೋಗ: ಮುದ್ರಣಾಲಯದಲ್ಲಿ ಹಾಳೆ ಮಡಿಸಿ ಹೊಲಿಯುವುದು. ವಾಸ: ಮೇಲಿನ ಬಡಾವಣೆ, ನೀರಿನ ಟ್ಯಾಂಕಿನ ಹಿಂದಿನ ಸಾಲು, ಕೊನೆಯ ಮನೆ.

ಸಂಘದ ಜೀಪಿನಿಂದ ಎರಡು ಶಾಕ್ ಅಬ್ಸಾರ್ಬರ್ ಕಳವಾಗಿವೆ ಎಂದು ಸಂಘದ ಅಧ್ಯಕ್ಷರು, ಅಂದರೆ ನನ್ನ ಸ್ವಂತ ಚಿಕ್ಕಪ್ಪ, ಕೊಟ್ಟ ದೂರಿನ ಬಗ್ಗೆ ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ, ಅವುಗಳನ್ನು ಬಿಚ್ಚಿದವಳು ನಾನೇ. ಕದ್ದಿಲ್ಲ.

ನಮ್ಮ ಬಡಾವಣೆಗೆ ಬಸ್ಸು ಬರುವುದಿಲ್ಲ. ಗುಡ್ಡದ ಬುಡದಿಂದ ಮೇಲಕ್ಕೆ ನಾಲ್ಕು ಕಿಲೋಮೀಟರ್ ಕಲ್ಲುದಾರಿ. ನಡುವೆ ಒಂದು ಹಳ್ಳವಿದೆ. ಅಲ್ಲಿ ಒಂದು ಹಿಂಚಕ್ರ ಬಂಡೆ ಹತ್ತಿದರೆ ಇನ್ನೊಂದು ಗುಂಡಿಯಲ್ಲಿ ನೇತಾಡುತ್ತದೆ. ರಸ್ತೆ ಕೇಳಿ ಅರ್ಜಿ ಹಾಕಿ ಸಾಕಾಗಿ, ಹದಿನಾರು ಮನೆಯವರು ಸೇರಿ ಸಂಘ ಕಟ್ಟಿ ಒಂದು ಹಳೆಯ ಜೀಪು ಕೊಂಡೆವು. ಅದು ಯಾರೊಬ್ಬರದೂ ಅಲ್ಲ, ಎಲ್ಲರದು. ಪ್ರತಿಯೊಂದೂ ಕೈ ಎತ್ತಿ ತೀರ್ಮಾನವಾಗಬೇಕು, ತೀರ್ಮಾನವಾದದ್ದಕ್ಕೆ ಎಲ್ಲರೂ ಬದ್ಧರಾಗಿರಬೇಕು ಎಂಬ ನಿಯಮ ಬರೆದವಳು ನಾನು.

ಜೀಪಿನ ಹೊಟ್ಟೆ ಕಲ್ಲಿಗೆ ತಾಗುತ್ತಿದ್ದುದರಿಂದ ಹೋದ ತಿಂಗಳು ಸ್ಪ್ರಿಂಗ್ ಪ್ಲೇಟು ಬದಲಿಸಿ ಅದನ್ನು ನಾಲ್ಕು ಇಂಚು ಎತ್ತರಿಸಲಾಯಿತು. ಎತ್ತರಿಸಿದ ಮೇಲೆ ಹಳೆಯ ಶಾಕ್ ಅಬ್ಸಾರ್ಬರ್ ಉದ್ದ ಸಾಲುವುದಿಲ್ಲ. ಮುಂದಿನ ಜೋಡಿಯ ಬಗ್ಗೆ ತಕರಾರಿಲ್ಲ. ಅದು ಸರಿಯಾಗಿ ಸಿಕ್ಕಿತು. ತಕರಾರು ಹಿಂದಿನ ಜೋಡಿಯದು.

ಪ್ಲೇಟಿನ ಪೆಟ್ಟಿಗೆಯಲ್ಲಿ ಎಂಟು ಪುಟದ ಕೈಪಿಡಿ ಇತ್ತು. ಮೆಕ್ಯಾನಿಕ್ ಅದರಲ್ಲಿ ಕೈ ಒರೆಸಿಕೊಳ್ಳುವುದರಲ್ಲಿದ್ದರು. ನಾನು ಇಸಿದುಕೊಂಡು ಓದಿದೆ. ಅಚ್ಚಾದ ಕಾಗದವನ್ನು ಓದದೆ ಬಿಡುವ ಅಭ್ಯಾಸ ನನಗಿಲ್ಲ. ಅದರಲ್ಲಿದ್ದದ್ದು ಇಷ್ಟು: ಶಾಕ್ ಅಬ್ಸಾರ್ಬರಿಗೆ ಎರಡು ಉದ್ದ, ಪೂರ್ತಿ ಹಿಗ್ಗಿದಾಗ ಒಂದು, ಪೂರ್ತಿ ಕುಗ್ಗಿದಾಗ ಒಂದು. ಚಕ್ರ ಮೇಲೇರಿದಾಗ ಪೆಟ್ಟನ್ನು ತಡೆಯಬೇಕಾದದ್ದು ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಕೆಳಗಿರುವ ರಬ್ಬರ್ ತುಂಡು. ರಬ್ಬರ್ ಪೂರ್ತಿ ಒತ್ತಿಕೊಳ್ಳುವ ಮೊದಲೇ ಶಾಕ್ ಅಬ್ಸಾರ್ಬರ್ ಕುಗ್ಗಿ ಮುಗಿದಿದ್ದರೆ ಗಾಡಿಯ ಭಾರವೆಲ್ಲ ಬೆರಳು ದಪ್ಪದ ಒಂದು ಬೋಲ್ಟಿನ ಮೇಲೆ ಬೀಳುತ್ತದೆ. ಆದ್ದರಿಂದ ಹಳೆಯದನ್ನು ಬಿಚ್ಚಿ, ಒಂದು ಚಕ್ರ ಎತ್ತಿ, ಭಾರ ಹೇರಿ ಅಳೆಯಬೇಕು. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಅಳೆಯಬಾರದು.

ಸಭೆಯಲ್ಲಿ ಇದನ್ನು ಓದಿ ಹೇಳಿದೆ. ಎಲ್ಲರೂ ‘ಗಾಳಿ’ ಎಂದು ಕರೆಯುವ ಚಾಲಕನಿಗೆ ಉದ್ದನೆಯ ಜೋಡಿಯೇ ಬೇಕಿತ್ತು, ಅದು ಕುಗ್ಗಿದರೆ ಹದಿನಾರು ಇಂಚು. ‘ಚಕ್ರ ಎಷ್ಟು ಉದ್ದ ಇಳಿಯುತ್ತೋ ಅಷ್ಟು ಒಳ್ಳೇದು, ನೆಲ ಕಚ್ಕೊಂಡು ಹೋಗುತ್ತೆ’ ಎಂದನು. ಇಳಿಯುವುದನ್ನು ಮಾತ್ರ ನೋಡಬೇಡ, ಏರುವುದನ್ನೂ ನೋಡು ಎಂದೆ. ‘ಗಾಡಿಗೂ ಭಾಷಣ ಬಿಗೀತೀಯಾ ಕರಪತ್ರ?’ ಎಂದನು. ಎಲ್ಲರೂ ನಕ್ಕರು. ನಾನು ಕೇಳಿದ್ದು ಹದಿನಾಲ್ಕು ಇಂಚಿನದು. ಕೈ ಎಣಿಸಿದಾಗ ಎಂಟಕ್ಕೆ ಎಂಟು.

ಆಗ ಚಿಕ್ಕಪ್ಪ ಎದ್ದು, ‘ಅವನ ಮಾತೂ ನಡೀಲಿ, ಇವಳ ಮಾತೂ ನಡೀಲಿ. ಮಧ್ಯದ್ದು ತರಿಸೋಣ’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹದಿನೈದು ಇಂಚಿನ ಜೋಡಿ ಬಂತು. ನಾನೊಬ್ಬಳೇ ಕೈ ಎತ್ತಲಿಲ್ಲ. ಕಬ್ಬಿಣ ಯಾರ ಮುಲಾಜಿಗೂ ಕುಗ್ಗುವುದಿಲ್ಲ ಎಂದು ಹೇಳಿದ್ದು ನಡಾವಳಿಯಲ್ಲಿ ದಾಖಲಾಗಿಲ್ಲ. ಇಲ್ಲಿ ದಾಖಲಾಗಲಿ.

ಶನಿವಾರ ಖಾಲಿ ಗಾಡಿಯಲ್ಲಿ ಹಳ್ಳ ದಾಟಿ ನೋಡಿದರು. ಏನೂ ಆಗಲಿಲ್ಲ. ಮರಳುಚೀಲ ಹೇರಿ ಇನ್ನೊಮ್ಮೆ ದಾಟಿಸಿ ಎಂದು ಕೇಳಿದೆ. ‘ಆಗಿದ್ದನ್ನ ಮತ್ತೆ ಮತ್ತೆ ಕೆದಕಬೇಡ ಪುಟ್ಟಿ, ಸಂಘ ಒಡೆಯುತ್ತೆ’ ಎಂದರು ಚಿಕ್ಕಪ್ಪ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಒಂಬತ್ತು ಜನರನ್ನು ಕೆಳಗಿಳಿಸುವುದು ಎಂದಾಯಿತು. ಬಲಗಡೆ ಹಿಂದಿನ ಸೀಟು ಮಂಡಿನೋವಿನ ನನ್ನ ಚಿಕ್ಕಮ್ಮನಿಗೆ.

ಇಂದು ಸೋಮವಾರ ಬೆಳಿಗ್ಗೆ ಐದೂವರೆಗೆ ನಾನು ಗುಡ್ಡದ ಬುಡದಲ್ಲಿರುವ ಸಂಘದ ಕೋಣೆಗೆ ಬಂದು, ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ್ದ ಜೀಪಿನ ಕೆಳಗೆ ಮಲಗಿ ನಾಲ್ಕು ಬೋಲ್ಟು ಬಿಚ್ಚಿ, ಎರಡು ಶಾಕ್ ಅಬ್ಸಾರ್ಬರನ್ನೂ ತೆಗೆದೆ. ಬೋಲ್ಟುಗಳನ್ನು ಅವುಗಳ ತೂತಿಗೇ ವಾಪಸು ಸಿಕ್ಕಿಸಿದೆ. ಬಹುಮತವನ್ನು ಮುರಿಯುತ್ತಿದ್ದೇನೆ ಎಂಬ ಅರಿವು ನನಗಿತ್ತು. ಆದರೂ ನಿಲ್ಲಿಸಲಿಲ್ಲ.

ಏಳು ಗಂಟೆಗೆ ಜೀಪನ್ನು ಮೇಲಕ್ಕೆ ಒಯ್ಯಲು ಬಂದ ಚಾಲಕ ನೋಡಿ ಕೂಗಾಡಿದನು. ಚಿಕ್ಕಪ್ಪ ಸಂಘದ ಕೋಣೆಯಲ್ಲಿ ಕುಳಿತು ದೂರು ಬರೆದರು. ಬಿಚ್ಚಿದವಳು ನಾನೇ ಎಂದು ಮೊದಲೇ ಹೇಳಿ ನಾನು ಬಾಗಿಲಲ್ಲೇ ನಿಂತಿದ್ದೆ. ಜೀಪನ್ನು ಆಮೆನಡಿಗೆಯಲ್ಲಿ ಮುನ್ನೂರು ಮೀಟರ್ ದೂರದ ಠಾಣೆಗೆ ತಂದರು. ನಾನು ಹಿಂದೆ ನಡೆದು ಬಂದೆ.

ಸಬ್ ಇನ್ಸ್‌ಪೆಕ್ಟರ್‌ರವರು, ಸಾಮಾನು ಎಲ್ಲಿದೆ ಹೇಳು, ತಪ್ಪಾಯ್ತು ಅಂತ ಬರೆದುಕೊಡು, ಮನೆಯವರ ಜಗಳ ಮನೆಯಲ್ಲೇ ಮುಗಿಯಲಿ ಎಂದರು. ಚಿಕ್ಕಪ್ಪ ಒಪ್ಪಿದರು. ಹೇಳಿದರೆ ಇವತ್ತೇ ವಾಪಸು ಜೋಡಿಸಿ ಮಧ್ಯಾಹ್ನವೇ ಜನರನ್ನು ಹತ್ತಿಸುತ್ತಾರೆ, ಆದ್ದರಿಂದ ಜೀಪನ್ನು ಇಲ್ಲೇ ಅಳೆಯುವವರೆಗೆ ಹೇಳುವುದಿಲ್ಲ ಎಂದೆ. ‘ಇದೇನು ಠಾಣೆನೋ ಗ್ಯಾರೇಜೋ?’ ಎಂದು ಅವರು ಕೇಳಿದರು. ಲಾಕಪ್ಪಿಗೆ ಹಾಕುತ್ತೇನೆ ಎಂದರು. ಹಾಕಿ, ತಲೆ ಮೇಲೆ ತಲೆ ಬಿದ್ದರೂ ಅಳೆಯದೆ ಹೇಳುವುದಿಲ್ಲ ಎಂದೆ. ಆಗ ಈ ಹೇಳಿಕೆ ಬರೆದುಕೊಳ್ಳುತ್ತಿರುವ ಮಹಿಳಾ ಪೇದೆಯವರು, ‘ಸಾರ್, ಅಳೆದೇಬಿಡೋಣ. ಇವಳು ಸುಮ್ನಿರೋ ಪೈಕಿ ಅಲ್ಲ’ ಎಂದರು.

ಹನ್ನೊಂದೂವರೆಗೆ ಜೀಪಿನ ಬಲ ಹಿಂಚಕ್ರವನ್ನು ಠಾಣೆಯ ಮೆಟ್ಟಿಲ ಮೇಲೆ ಹತ್ತಿಸಲಾಯಿತು. ನಾನು ಠಾಣೆಯ ಮುರಿದ ಪೊರಕೆಯ ಹಿಡಿಯನ್ನು ಪೂರ್ತಿ ಕುಗ್ಗಿದ ಶಾಕ್ ಅಬ್ಸಾರ್ಬರಿನಷ್ಟು, ಸರಿಯಾಗಿ ಹದಿನೈದು ಇಂಚಿಗೆ ಕತ್ತರಿಸಿ, ಅದು ಇದ್ದ ಜಾಗದಲ್ಲಿ ಮೇಲಿನ ಬೋಲ್ಟಿಗೆ ತಂತಿಯಿಂದ ಕಟ್ಟಿದೆ. ಕೆಳತುದಿ ಪಕ್ಕಕ್ಕೆ ಜಾರದಂತೆ ಕೆಳಗಿನ ಬೋಲ್ಟಿಗೂ ಸಡಿಲವಾಗಿ ತಂತಿ ಸುತ್ತಿದೆ. ಒಬ್ಬೊಬ್ಬರಾಗಿ ಹಿಂದೆ ಹತ್ತಿ ಎಂದು ಕೇಳಿಕೊಂಡೆ. ಇಬ್ಬರು ಪೇದೆಗಳು ಹತ್ತಿದರು. ಕೋಲಿನ ಕೆಳಗೆ ಇನ್ನೂ ಜಾಗವಿತ್ತು. ಚಾಲಕ ಹತ್ತಿ, ‘ನೋಡಿ, ಆರಾಮಾಗಿದೆ’ ಎಂದನು. ಮೇಲೆ ಕಾದು ಸಾಕಾಗಿ ನಡೆದೇ ಇಳಿದಿದ್ದ ಚಿಕ್ಕಮ್ಮ ಅಷ್ಟರಲ್ಲಿ ಬಂದರು. ‘ನಾಲ್ಕು ಕಿಲೋಮೀಟರ್ ಮಂಡಿ ಉಜ್ಜಿಕೊಂಡು ಬಂದಿದೀನಿ, ನನಗೊಂದು ಸೀಟು ಇಲ್ವಾ?’ ಎಂದು ಬಲಗಡೆ ಕುಳಿತರು. ಕೋಲಿನ ತುದಿಗೆ ಬೋಲ್ಟು ತಾಗಿತು. ರಬ್ಬರ್ ಇನ್ನೂ ಪೂರ್ತಿ ಒತ್ತಿಕೊಂಡಿರಲಿಲ್ಲ. ಐದನೆಯವರಾಗಿ ಸಬ್ ಇನ್ಸ್‌ಪೆಕ್ಟರ್‌ರವರೇ ಹತ್ತಿದರು. ಕೋಲು ಬಿಲ್ಲಿನಂತೆ ಬಾಗಿ, ಪಟ್ಟೆಂದು ಮುರಿಯಿತು.

ಚಿಕ್ಕಪ್ಪ ಟೇಪು ಹಿಡಿದು ಜೀಪಿನ ಕೆಳಗೆ ತೂರಿ ಬೋಲ್ಟಿನಿಂದ ಬೋಲ್ಟಿಗೆ ತಾವೇ ಅಳೆದರು. ಹದಿನಾಲ್ಕೂವರೆ. ಮತ್ತೊಮ್ಮೆ ಅಳೆದರು. ಹದಿನಾಲ್ಕೂವರೆ. ‘ಐದು ಜನಕ್ಕೇ ಇಷ್ಟು, ಹಳ್ಳದಲ್ಲಿ ಒಂಬತ್ತು ಜನ’ ಎಂದು ಕೆಳಗಿನಿಂದಲೇ ಹೇಳಿದರು. ಚಿಕ್ಕಮ್ಮ ಸೀಟಿನಿಂದ ಬಗ್ಗಿ, ‘ರೀ, ನನ್ನನ್ನ ಈ ಪೊರಕೆಕಡ್ಡಿ ಮೇಲೆ ಕೂರಿಸ್ತಿದ್ರಾ?’ ಎಂದು ಕೇಳಿದರು.

ಚಿಕ್ಕಪ್ಪ ಹೊರಗೆ ಬಂದು, ಅಂಗಿಯ ಧೂಳನ್ನೂ ಕೊಡವದೆ, ‘ಎಲ್ಲಿಟ್ಟಿದೀಯ ಮಗಳೇ?’ ಎಂದರು. ಸಂಘದ ಕೋಣೆಯಲ್ಲಿ ಬಾವುಟ ಇಡುವ ಮರದ ಪೆಟ್ಟಿಗೆಯಲ್ಲಿವೆ ಎಂದು ತಿಳಿಸಿದೆ. ಬೆಳಿಗ್ಗೆ ಅವರು ನನ್ನ ಮೇಲೆ ದೂರು ಬರೆದದ್ದು ಆ ಪೆಟ್ಟಿಗೆಯ ಮೇಲೆ ಕುಳಿತೇ. ಸಂಘದ ಆಸ್ತಿ ಸಂಘದ ಬಾಗಿಲು ದಾಟಿಲ್ಲ.

ಚಿಕ್ಕಪ್ಪ ದೂರು ವಾಪಸು ಪಡೆಯುವುದಾಗಿ ಹೇಳಿದ್ದಾರೆ. ಅದು ಅವರಿಗೆ ಬಿಟ್ಟದ್ದು. ಸಭೆಯ ತೀರ್ಮಾನ ಮುರಿದದ್ದಕ್ಕೆ ನನ್ನನ್ನು ಸಭೆ ವಿಚಾರಿಸಲಿ. ಶಿಕ್ಷೆ ಕೊಟ್ಟರೆ ಅನುಭವಿಸುತ್ತೇನೆ. ಆದರೆ ಹದಿನೈದು ಇಂಚಿನ ಜೋಡಿಯನ್ನು ಆ ಗಾಡಿಗೆ ಮತ್ತೆ ಹಾಕಿದರೆ ಮತ್ತೆ ಬಿಚ್ಚುತ್ತೇನೆ. ಇದನ್ನು ಬರೆಯುವುದು ಬೇಡ ಎಂದು ಸಬ್ ಇನ್ಸ್‌ಪೆಕ್ಟರ್‌ರವರು ಸೂಚಿಸಿದರು. ಬರೆಯಿರಿ ಎಂದು ನಾನು ಕೇಳಿಕೊಂಡಿದ್ದೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಒಂದು ಕಡೆ ‘ಸುಮಾರು ಹದಿನಾಲ್ಕೂವರೆ ಇಂಚು’ ಎಂದಿತ್ತು. ‘ಸುಮಾರು’ ಎಂಬುದನ್ನು ಹೊಡೆದುಹಾಕಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಠಾಣೆಯ ಅಂಗಳ, ಜೀಪಿನ ಪಕ್ಕ
ದಿನ: ಸೋಮವಾರ, ಮಧ್ಯಾಹ್ನ
(ಸಹಿ, ಕೈಯಲ್ಲಿ ಗ್ರೀಸು ಇದ್ದುದರಿಂದ ಹಾಳೆಯ ಅಂಚಿಗೆ ಕಲೆಯಾಗಿದೆ)